ನಮ್ಮ ಅರ್ಸ್ತಾನ್ ಮಾನಸಿಕ ಆಸ್ಪತ್ರೆ ನರ್ಸ್ ಆಗಲು ಹೊರಟಿದ್ದು

ನಮ್ಮ ಊರಲ್ಲಿ ಯಾರದಾದರೂ ಕಾಲು ಮುರಿದರೆ ಮನೆ ತುಂಬ ಜನ ಸೇರುತ್ತಾರೆ. ಒಬ್ಬರು ಕುರಿ ಸಾರು ತರುತ್ತಾರೆ, ಇನ್ನೊಬ್ಬರು ಕೆನೆ ತರುತ್ತಾರೆ. ಅದೇ ಯಾರಿಗಾದರೂ ಮನಸ್ಸು ಕೆಟ್ಟರೆ ಬೀದಿಯಲ್ಲಿ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳುತ್ತದೆ. ಈ ಬೆಟ್ಟದ ಊರು ಕೋಕ್-ಬುಲಾಕ್‌ಗೆ ಸೊಸೆಯಾಗಿ ಬಂದಾಗಿನಿಂದ ನಾನು ಇದನ್ನೇ ನೋಡಿದ್ದು. ನನ್ನ ಹೆಸರು ಜೂರಾ. ನಿಮ್ಮ ಮಗನ ಕಥೆ ಹೇಳಿ ಅಂತ ಊರ ಆರೋಗ್ಯ ಸಮಿತಿಯವರು ಕೇಳಿದರು. ಅದಕ್ಕೇ ಹೇಳುತ್ತಿದ್ದೇನೆ.

ಅದು ಬೆಟ್ಟದ ಹಿಮ ಕರಗುವ ಕಾಲ. ನಮ್ಮ ಪಕ್ಕದ ಮನೆಯ ಕಲಿಬೆಕ್ ಮೇಷ್ಟ್ರು ಶಾಲೆಗೆ ಹೋಗುವುದನ್ನು ನಿಲ್ಲಿಸಿದರು. ಭೂಗೋಳದ ಮೇಷ್ಟ್ರು, ಒಳ್ಳೆಯ ಮನುಷ್ಯ. ಕೇಳಿದರೆ ಅವರ ಹೆಂಡತಿ ಜುಮಾಗುಲ್ "ಜ್ವರ" ಅನ್ನುತ್ತಿದ್ದಳು. ಜ್ವರ ಬಂದವರ ಮನೆಯ ಕಿಟಕಿಗೆ ಹಗಲಲ್ಲೂ ಕಂಬಳಿ ಕಟ್ಟುತ್ತಾರಾ? ಮೇಷ್ಟ್ರಿಗೆ ನಿದ್ದೆ ಬರುತ್ತಿರಲಿಲ್ಲ. ರೇಡಿಯೋದಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನುತ್ತಿದ್ದರು. ರೊಟ್ಟಿಯಲ್ಲಿ ವಿಷ ಇದೆ ಅಂತ ಉಪವಾಸ ಬಿದ್ದಿದ್ದರು.

ಒಂದು ಬೆಳಿಗ್ಗೆ ಅವರು ಸನಿಕೆ ಹಿಡಿದು ಅಂಗಳದಲ್ಲಿ ನಿಂತುಬಿಟ್ಟರು. ಯಾರನ್ನೂ ಹತ್ತಿರ ಬಿಡಲಿಲ್ಲ. ಬೇಲಿ ಹೊರಗೆ ಗಂಡಸರ ಗುಂಪು ಸೇರಿತು. ನಮ್ಮ ಮನೆಯವರು, ಸೊವೆತ್‌ಬೆಕ್, ಕುದುರೆ ಪಳಗಿಸುವವರು. ಕುದುರೆಮರಿಗಳನ್ನು ಕಟ್ಟುವ ದಪ್ಪ ಹಗ್ಗ ತಂದೇಬಿಟ್ಟರು. ಜೊತೆಗೆ ಕೂಗಿದರು: "ಅರ್ಸ್ತಾನ್! ಬಾರೋ ಇಲ್ಲಿ. ಹಿಂದಿನಿಂದ ಹಿಡ್ಕೊ!"

ಅರ್ಸ್ತಾನ್ ಅಂದರೆ ಸಿಂಹ. ಹೆಸರಿಗೆ ತಕ್ಕ ಹಾಗೇ ಇದ್ದಾನೆ ನನ್ನ ಮಗ. ಕೋಕ್‌ಬೋರು ಆಟದಲ್ಲಿ ಓಡುವ ಕುದುರೆ ಮೇಲಿಂದ ಬಾಗಿ, ನೆಲದಲ್ಲಿ ಬಿದ್ದ ಮೇಕೆಯ ಮುಂಡವನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವ ಹುಡುಗ. ಅವನು ಅಂಗಿಯ ತೋಳು ಮಡಚಿಕೊಂಡು ಬೇಲಿ ದಾಟಿದ.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸ್ ಬುರುಲ್‌ಕನ್ ಓಡಿ ಬಂದಳು. ಏದುಸಿರು ಬಿಡುತ್ತಲೇ ನಮ್ಮವರನ್ನು ತರಾಟೆಗೆ ತೆಗೆದುಕೊಂಡಳು.

"ಹಗ್ಗ ಯಾಕಣ್ಣ? ಮೇಷ್ಟ್ರೇನು ಲಾಯ ಬಿಟ್ಟು ಓಡಿಹೋದ ಕುದುರೆನಾ?"

"ಮತ್ತೆ ಏನ್ ಮಾಡ್ಬೇಕಮ್ಮ? ತಲೆ ಒಡಿಸ್ಕೊಳ್ಳೋದಾ?"

"ಪಟ್ಟಣದಿಂದ ಡಾಕ್ಟ್ರ ಗಾಡಿ ಹೊರಟಿದೆ. ಅಲ್ಲೀವರೆಗೆ ನೀವೆಲ್ಲ ಆ ಮರದ ಆಚೆ ಹೋಗಿ. ಇಷ್ಟು ಜನ ಸುತ್ತ ನಿಂತ್ರೆ ನನಗೇ ಭಯ ಆಗುತ್ತೆ, ಅವರಿಗೆ ಆಗಲ್ವಾ?"

ಜನ ಗೊಣಗುತ್ತ ಸರಿದರು. ಬುರುಲ್‌ಕನ್ ಗೇಟು ಪೂರ್ತಿ ತೆಗೆದಳು. ಅರ್ಸ್ತಾನನಿಗೆ ಮೆಲ್ಲಗೆ ಹೇಳಿಕೊಟ್ಟಳು: "ದೂರದ ಬೆಂಚಿನ ಮೇಲೆ ನನ್ನ ಜೊತೆ ಕೂತ್ಕೊ. ಕೈ ಎರಡೂ ಕಾಣೋ ಹಾಗಿರಲಿ. ಅವರ ದಾರಿಗೆ ಅಡ್ಡ ನಿಲ್ಬೇಡ. ವಾದ ಮಾಡ್ಬೇಡ. ಹಾಗಂತ ಸುಳ್ಳಿಗೆ ಹೂಂ ಅನ್ನಲೂ ಬೇಡ."

ಇಬ್ಬರೂ ಹೋಗಿ ಬೆಂಚಿನ ಮೇಲೆ ಕೂತರು. ಆಮೇಲೆ ನನ್ನ ಮಗ ಕೇಳಿದ: "ಮೇಷ್ಟ್ರೇ, ಚಾ ಕುಡೀತೀರಾ?"

"ಅದರಲ್ಲಿ ವಿಷ ಹಾಕಿದಾರೆ."

"ನಿಮಗೆ ಹಾಗನ್ನಿಸಿದ್ರೆ ಭಯ ಆಗೋದು ಸಹಜ. ನಾನು ಮೊದಲು ಕುಡೀತೀನಿ. ನಿಮಗೆ ಸಕ್ಕರೆನಾ, ಜ್ಯಾಮಾ?"

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. "...ಜ್ಯಾಮು. ಏಪ್ರಿಕಾಟಿಂದು."

ನಾನೇ ಚಾ ಕೊಟ್ಟು ಬಂದೆ. ಅರ್ಸ್ತಾನ್ ಮೊದಲು ತಾನೊಂದು ಗುಟುಕು ಕುಡಿದ. ಬಟ್ಟಲು ಹಿಡಿಯಬೇಕಲ್ಲ, ಮೇಷ್ಟ್ರು ಸನಿಕೆಯನ್ನು ಗೋಡೆಗೆ ಒರಗಿಸಿದರು. ಪಟ್ಟಣದ ಡಾಕ್ಟರು ಬಂದಾಗ ತಮ್ಮ ಕಾಲಲ್ಲೇ ನಡೆದು ಗಾಡಿ ಹತ್ತಿದರು. ಅರ್ಸ್ತಾನ್ ಪಕ್ಕದಲ್ಲಿ ಕೂತು ಆಸ್ಪತ್ರೆವರೆಗೆ ಹೋಗಿ ಬಂದ.

ಬಂದವನು ಮಂಕಾಗಿದ್ದ. "ಅಮ್ಮ, ನನ್ನನ್ನ ಕರೆದಿದ್ದು ಶಕ್ತಿಗೆ. ಅಲ್ಲಿ ಶಕ್ತಿ ಬೇಕೇ ಆಗ್ಲಿಲ್ಲ" ಅಂದ.

ಮೇ ತಿಂಗಳಲ್ಲಿ ಅವನ ಶಾಲೆ ಮುಗಿಯಿತು. ಸಂಬಂಧಿಕರನ್ನೆಲ್ಲ ಊಟಕ್ಕೆ ಕರೆದಿದ್ದೆವು. ಜಿಲ್ಲಾ ತಂಡದವರು ಅವನನ್ನು ಕೋಕ್‌ಬೋರು ಆಡಲು ಕೇಳಿದ್ದಾರೆ ಅಂತ ನಮ್ಮವರು ಮೀಸೆ ತಿರುವುತ್ತಿದ್ದರು. ಮಾಂಸದ ತಟ್ಟೆ ಬರುವ ಹೊತ್ತಿಗೆ ಅರ್ಸ್ತಾನ್ ಬಾಯಿ ಬಿಟ್ಟ.

"ಅಪ್ಪ, ಆಟ ಆಡ್ತೀನಿ. ಆದ್ರೆ ಓದೋದು ನರ್ಸಿಂಗ್. ಮಾನಸಿಕ ಆಸ್ಪತ್ರೆ ನರ್ಸ್ ಆಗ್ತೀನಿ."

ನಮ್ಮವರ ಕೈಯಲ್ಲಿದ್ದ ಮೂಳೆ ತಟ್ಟೆಗೆ ಬಿತ್ತು. "ಏನಾಗ್ತೀಯಾ?"

ನಮ್ಮ ಅತ್ತೆ ಸೆಯ್ದೆ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನನ್ ಕುದುರೆಮರೀ! ನಿನ್ನ ಬೆರಳು ನೋಡ್ಕೊಂಡಿದೀಯಾ? ಒಂದೊಂದೂ ಒನಕೆ! ಅದರಲ್ಲಿ ಸೂಜಿ ಹಿಡೀತೀಯಾ? ಮೊನ್ನೆ ನನ್ನ ಕನ್ನಡಕ ಒರೆಸ್ತೀನಿ ಅಂತ ಎರಡು ತುಂಡು ಮಾಡಿದವನು!"

ಎಲ್ಲರೂ ನಕ್ಕರು. ಅರ್ಸ್ತಾನನೂ ನಕ್ಕ. ನಮ್ಮವರು ಮಾತ್ರ ನಗಲಿಲ್ಲ.

"ನಾಳೆ ಮೈದಾನದಲ್ಲಿ ನನ್ನನ್ನ ಏನಂತಾರೆ? ನರ್ಸಮ್ಮನ ಅಪ್ಪ ಅಂತಾರೆ. ಅದೂ ಹೋಗಿ ಹೋಗಿ ಹುಚ್ಚಾಸ್ಪತ್ರೆ ನರ್ಸು. ಸಾಧ್ಯವಿಲ್ಲ."

"ಅವರ ಜೊತೆ ಇದ್ದೂ ಇದ್ದೂ ಇವನಿಗೂ ಅಂಟ್ಕೊಂಡ್ರೆ?" ಅಂದರು ಅತ್ತೆ. ಈಗ ಅವರ ನಗು ಇಂಗಿತ್ತು. "ಯಾರು ಹೆಣ್ಣು ಕೊಡ್ತಾರೆ?"

ರಾಜಧಾನಿಯಿಂದ ಬಂದಿದ್ದ ನನ್ನ ತಮ್ಮ ಮಕ್ಸತ್ ನಡುವೆ ಬಾಯಿ ಹಾಕಿದ. ಅವನಿಗೆ ಎಲ್ಲದಕ್ಕೂ ಅಡ್ಡದಾರಿ ಗೊತ್ತು. "ನರ್ಸೇ ಆಗ್ಬೇಕಂದ್ರೆ ಇಷ್ಟು ಯೋಚನೆ ಯಾಕೆ ಭಾವ? ನನ್ನ ಪರಿಚಯದವನೊಬ್ಬ ಮೂರೇ ತಿಂಗಳಲ್ಲಿ ಸರ್ಟಿಫಿಕೇಟ್ ಕೊಡಿಸ್ತಾನೆ. ಪರೀಕ್ಷೆ ಗಿರೀಕ್ಷೆ ಏನಿಲ್ಲ. ನೇರ ವಿದೇಶ!"

ನನಗೆ ತಲೆ ಕೆಟ್ಟುಹೋಯಿತು. ಮಗನಿಗೆ ಬೇಕು ಅನ್ನುವುದು ಒಂದೇ ಗೊತ್ತಿತ್ತು. ಆ ಓದು ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅನ್ನುವುದು ಗೊತ್ತಿರಲಿಲ್ಲ. ಮಾರನೇ ದಿನ ಹಿಟ್ಟಿನ ತುಂಡು ಎಣ್ಣೆಗೆ ಬಿಟ್ಟು ಬಿಸಿ ಬೋರ್ಸೋಕ್ ಕರಿದು ಬುರುಲ್‌ಕನ್‌ಳನ್ನು ಚಾಕ್ಕೆ ಕರೆದೆ.

ಅತ್ತೆ ಅವಳನ್ನು ಕೂರಲೂ ಬಿಡಲಿಲ್ಲ. "ನೀನೇ ಅಲ್ವೇನೇ ನನ್ನ ಮೊಮ್ಮಗನ ತಲೆ ಕೆಡಿಸಿದ್ದು?"

"ನಾನಲ್ಲ ಅಜ್ಜಿ, ಏಪ್ರಿಕಾಟ್ ಜ್ಯಾಮು" ಅಂತ ಬುರುಲ್‌ಕನ್ ಬೋರ್ಸೋಕ್ ಬಾಯಿಗೆ ಹಾಕಿಕೊಂಡಳು.

"ತಮಾಷೆ ಸಾಕು. ಹೇಳು, ಹುಚ್ಚು ಅಂಟುತ್ತೋ ಇಲ್ವೋ?"

"ಅಂಟಲ್ಲ ಅಜ್ಜಿ. ಅದು ಕಾಯಿಲೆ. ರಕ್ತದೊತ್ತಡ ನಿಮಗಿದೆ. ನಿಮ್ಮ ಪಕ್ಕ ಮಲಗೋ ಬೆಕ್ಕಿಗೆ ಅಂಟಿದೆಯಾ?"

"ಹೊಡೆದ್ರೆ?"

"ಎಲ್ಲರೂ ಹೊಡೆಯಲ್ಲ, ಹೆಚ್ಚಿನವರು ಹೆದರಿರ್ತಾರೆ. ಕಷ್ಟದ ದಿನ ಇಲ್ಲ ಅಂತ ಹೇಳಲ್ಲ. ಅದಕ್ಕೇ ತರಬೇತಿ ಇರೋದು. ಮುಖ ನೋಡಿ ಸಿಟ್ಟು ಏರ್ತಿದೆ ಅಂತ ತಿಳ್ಕೊಳ್ಳೋದು, ಒಬ್ಬನೇ ನುಗ್ಗದೆ ಜೊತೆಯವರನ್ನ ಕರೆಯೋದು, ತನ್ನ ಮನಸ್ಸು ಭಾರ ಆದಾಗ ಹಿರಿಯರ ಹತ್ತಿರ ಹೇಳ್ಕೊಳ್ಳೋದು. ಎಲ್ಲಾ ಕಲಿಸ್ತಾರೆ."

ನಮ್ಮವರು ಮೂಲೆಯಲ್ಲಿ ಕುದುರೆಯ ಕಡಿವಾಣ ಹೊಲಿಯುತ್ತ ಕೂತಿದ್ದರು, ಕೇಳಿಸದವರ ಹಾಗೆ. ನಾನು ಮಕ್ಸತ್ ಹೇಳಿದ ಮೂರು ತಿಂಗಳ ವಿಷಯ ಎತ್ತಿದೆ. ಬುರುಲ್‌ಕನ್ ಅಲ್ಲಿಂದಲೇ ಪಟ್ಟಣದ ವೈದ್ಯಕೀಯ ಕಾಲೇಜಿಗೆ ಫೋನ್ ಹಚ್ಚಿ ವಿಚಾರಿಸಿದಳು. ಫೋನ್ ಇಟ್ಟು ಹೇಳಿದಳು:

"ಅದು ಮನೇಲಿ ವಯಸ್ಸಾದವರನ್ನ ನೋಡ್ಕೊಳ್ಳೋಕೆ ಒಂದಿಷ್ಟು ಹೇಳ್ಕೊಡೋ ಕೋರ್ಸಂತೆ ಅಕ್ಕ. ನರ್ಸ್ ಅಂತ ಕೆಲಸಕ್ಕೆ ಸೇರೋಕೆ ಆ ಕಾಗದ ನಡೆಯಲ್ಲ. ಸರ್ಕಾರದ ಮಾನ್ಯತೆ ಇಲ್ಲ."

"ಹಾಗಾದ್ರೆ ಸರಿಯಾದ ದಾರಿ ಯಾವುದಮ್ಮ?"

"ದಾರಿ ಒಂದೇ ಇಲ್ಲ. ಪಟ್ಟಣದ ಕಾಲೇಜಿಗೆ ಸೇರಿದ್ರೆ ಮೂರು ವರ್ಷದ ಹತ್ತಿರ ಸಾಮಾನ್ಯ ನರ್ಸಿಂಗ್. ಅದಾದ ಮೇಲೆ ಮಾನಸಿಕ ರೋಗಿಗಳ ಆರೈಕೆಗೆ ಅಂತಲೇ ವಿಶೇಷ ತರಬೇತಿ. ರಾಜಧಾನಿಗೆ ಹೋದ್ರೆ ನಾಲ್ಕು ವರ್ಷದ ಪದವಿ. ಅದು ಮುಂದೆ ಪಾಠ ಮಾಡೋಕೆ, ವಾರ್ಡು ನಡೆಸೋಕೆ ಅನುಕೂಲ. ನನ್ನ ಹಾಗೆ ಈಗಾಗ್ಲೇ ನರ್ಸ್ ಆಗಿರೋರು ವಿಶೇಷ ತರಬೇತಿ ಒಂದನ್ನೇ ಮಾಡ್ಬಹುದು. ಇದು ಮೇಲು, ಅದು ಕೀಳು ಅಂತಲ್ಲ. ಯಾರಿಗೆ ಯಾವುದು ಹೊಂದುತ್ತೆ ಅಂತ ನೋಡ್ಬೇಕು. ಮೊದಲು ಹೋಗಿ ಕಣ್ಣಾರೆ ನೋಡಿ ಬನ್ನಿ."

ಮೂಲೆಯಿಂದ ಧ್ವನಿ ಬಂತು. "ನೋಡೋಕೆ ನಾನೂ ಬರ್ತೀನಿ. ನೋಡಿ, ಬೇಡ ಅಂತ ಹೇಳೋಕೆ."

ಜೂನ್‌ನಲ್ಲಿ ನಮ್ಮ ಹಳೇ ಕಾರಿನಲ್ಲಿ ಪಟ್ಟಣದ ಮಾನಸಿಕ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ನಮ್ಮವರು ಒಂದೇ ಒಂದು ಮಾತಾಡಿದ್ದು, ಅದೂ ಅಡ್ಡ ಬಂದ ಕುರಿಗಳಿಗೆ.

ಆಸ್ಪತ್ರೆಗೆ ಕಬ್ಬಿಣದ ಬಾಗಿಲು, ಕಿರುಚಾಟ ಇರುತ್ತೆ ಅಂದುಕೊಂಡಿದ್ದೆ. ಇದ್ದದ್ದು ಸೇಬಿನ ಗಿಡಗಳ ತೋಟ. ಅದು ಮನೆಯವರು ಬಂದು ಮಾತಾಡಿಸುವ ಹೊತ್ತು. ಮೇದೆರ್ ಅನ್ನುವ ನರ್ಸ್ ನಮ್ಮನ್ನು ಎದುರುಗೊಂಡ. ನನ್ನ ಮಗನಿಗಿಂತ ಅರ್ಧ ಅಡಿ ಎತ್ತರ, ಕುಸ್ತಿ ಆಡಿ ಮುರಿದ ಮೂಗು. ನಮ್ಮವರು ಅವನನ್ನು ಕೆಳಗಿಂದ ಮೇಲಕ್ಕೆ ನೋಡಿದರು. ನರ್ಸಮ್ಮ ಅನ್ನುವ ಮಾತು ಅವರ ಗಂಟಲಲ್ಲೇ ಉಳಿಯಿತು ಅಂತ ಕಾಣುತ್ತೆ.

"ವಾರ್ಡೊಳಗೆ ಬಿಡಲ್ಲ ಅಣ್ಣ, ಅದು ರೋಗಿಗಳ ಮನೆ ಇದ್ದ ಹಾಗೆ. ತೋಟದಲ್ಲೇ ಮಾತಾಡೋಣ" ಅಂದ ಮೇದೆರ್.

ಅರ್ಸ್ತಾನ್ ಪ್ರಶ್ನೆಗಳನ್ನು ಮನಸ್ಸಲ್ಲೇ ಕಟ್ಟಿಕೊಂಡು ಬಂದಿದ್ದ. "ಅಣ್ಣ, ನಂಗೆ ಬೇಕಿರೋದು ಮನಸ್ಸಿನ ಕೆಲಸ. ಮೊದಲು ಯಾಕೆ ಗಾಯಕ್ಕೆ ಪಟ್ಟಿ ಕಟ್ಟೋದು, ಹೆರಿಗೆ, ಮಕ್ಕಳ ಕಾಯಿಲೆ ಎಲ್ಲಾ ಕಲೀಬೇಕು? ನೇರ ಇದಕ್ಕೇ ಬರೋ ಹಾಗಿಲ್ವಾ?"

ಮೇದೆರ್ ಅವನ ಹೆಗಲ ಮೇಲೆ ಕೈ ಇಟ್ಟ. "ನಾನೂ ಹೀಗೇ ಕೇಳಿದ್ದೆ ಕಣೋ. ನಾನು ಹೊಸದಾಗಿ ಸೇರಿದಾಗ ಒಬ್ಬರು ಇಡೀ ದಿನ ಕೂಗಾಡ್ತಿದ್ರು. ಕಾಯಿಲೆ ಜಾಸ್ತಿ ಆಗಿದೆ, ನಿದ್ದೆ ಔಷಧಿ ಕೊಡಿಸೋಣ ಅಂದ್ಕೊಂಡೆ. ನಮ್ಮ ಹಿರಿಯ ನರ್ಸ್ ಬಂದು ಬಾಯಿ ತೆಗೆಸಿ ನೋಡಿದ್ರು. ದವಡೆ ಹಲ್ಲು ಕೊಳೆತು ಕೆನ್ನೆ ಊದಿತ್ತು. ಪಾಪ, ನೋವು ಅಂತ ಹೇಳೋಕೆ ಅವರಿಗೆ ಆಗ್ತಿರ್ಲಿಲ್ಲ. ಮನಸ್ಸೇನು ಬೇರೆ ಊರಲ್ಲಿ ಇರುತ್ತಾ? ಇದೇ ಮೈಯೊಳಗೇ ಇರೋದು. ಮೈ ಗೊತ್ತಿಲ್ಲದವನು ಮನಸ್ಸಿನ ನರ್ಸ್ ಆಗೋದು ಕಷ್ಟ."

ಅರ್ಸ್ತಾನ್ ತಲೆಯಾಡಿಸಿದ. ಅಷ್ಟು ಹೊತ್ತಿಗೆ ನೋಡುತ್ತೇನೆ, ನಮ್ಮವರು ಪಕ್ಕದಲ್ಲಿಲ್ಲ!

ಆಚೆ ಬೆಂಚಿನ ಮೇಲೆ ಒಬ್ಬ ಮುದುಕರ ಜೊತೆ ಕೂತಿದ್ದರು. ಆ ಮುದುಕರು ಇವರ ಬೂಟು ನೋಡಿ "ಕುದುರೆಯವನಾ?" ಅಂತ ಕೇಳಿದರಂತೆ. ಅಷ್ಟೇ ಸಾಕಾಯಿತು. ನಮ್ಮ ಕಂದು ಹೆಣ್ಣುಕುದುರೆ ಆಗ ಹಿಂಗಾಲು ಎಳೆಯುತ್ತಿತ್ತು, ಆ ಪುರಾಣವೆಲ್ಲ ಬಿಚ್ಚಿಕೊಂಡಿತು. ಮುದುಕರು ತಮ್ಮ ಅಂಗೈಯನ್ನೇ ಗೊರಸು ಮಾಡಿ, ಎಲ್ಲಿ ಕೆರೆಯಬೇಕು, ಎಲ್ಲಿ ಮುಟ್ಟಬಾರದು ಅಂತ ತೋರಿಸುತ್ತಿದ್ದರು. ಇಬ್ಬರೂ ಜಗಳವಾಡುತ್ತಿದ್ದರು, ನಗುತ್ತಿದ್ದರು. ಕರೆದರೂ ನಮ್ಮವರು ಏಳಲಿಲ್ಲ.

ಕೊನೆಗೆ ಎದ್ದು ಬಂದವರು ಮೇದೆರ್‌ನ ಕಿವಿಯಲ್ಲಿ ಕೇಳಿದರು: "ಎಷ್ಟು ತಿಳಿದವನಯ್ಯ ಅವನು! ಅವನಿಗೇನಪ್ಪ ಕಾಯಿಲೆ?"

"ಅದನ್ನ ನಾನು ಹೇಳೋ ಹಾಗಿಲ್ಲ ಅಣ್ಣ. ಅವರ ವಿಷಯ ಅವರದು. ಇಲ್ಲಿ ನಾವು ಮೊದಲು ಕಲಿಯೋ ಪಾಠ ಅದೇ."

ನಮ್ಮವರು ಬೆಂಚಿನ ಕಡೆ ಇನ್ನೊಮ್ಮೆ ತಿರುಗಿ ನೋಡಿ, "ನಿಮ್ಮ ಕೆಲಸಾನೂ ನನ್ನ ಕೆಲಸದ ಥರಾನೇ ಅನ್ನು. ಮರಿ ಪಳಗಿಸೋ ಹಾಗೆ" ಅಂದರು.

ಮೇದೆರ್ ನಕ್ಕ. "ತಾಳ್ಮೆ ಅದೇ ಅಣ್ಣ. ಆದ್ರೆ ಇವರು ಮನುಷ್ಯರು. ಪಳಗಿಸೋದಲ್ಲ, ಅವರು ತಮ್ಮ ಕಾಲ ಮೇಲೆ ನಿಲ್ಲೋವರೆಗೆ ಜೊತೆಗಿರೋದು."

ಅಲ್ಲಿಂದ ಕಾಲೇಜಿಗೆ ಹೋದೆವು. ಎಷ್ಟು ಹೊತ್ತು ತರಗತಿ, ಎಷ್ಟು ಹೊತ್ತು ವಾರ್ಡಿನಲ್ಲಿ ಅಭ್ಯಾಸ, ಹಾಸ್ಟೆಲ್ ಹೇಗೆ, ಮುಂದೆ ಪದವಿಗೆ ಸೇರಲು ಆಗುತ್ತಾ, ಎಲ್ಲಾ ಕೇಳಿದೆವು. ಆಗುತ್ತೆ ಅಂದರು, ಕೆಲಸ ಮಾಡಿಕೊಂಡೇ ಓದುವವರೂ ಇದ್ದಾರಂತೆ. ಅರ್ಸ್ತಾನ್ ನಿರ್ಧಾರ ಮಾಡಿಬಿಟ್ಟ. "ಅಮ್ಮ, ನಂಗೆ ಇದೇ ಸರಿ. ಪುಸ್ತಕದ ಮುಂದೆ ನಾಲ್ಕು ವರ್ಷ ಒಂದೇ ಸಮ ಕೂರೋ ಜಾಯಮಾನ ನಂದಲ್ಲ. ಇಲ್ಲಿ ಮೊದಲಿಂದಲೇ ರೋಗಿಗಳ ಜೊತೆ ಕಲೀಬಹುದು. ಕೆಲಸ ಸಿಕ್ಕಿದ ಮೇಲೆ ಪದವಿ ನೋಡ್ಕೊಳ್ಳೋಣ." ಅವನ ಜೊತೆ ಓದಿದ ಹುಡುಗಿಯೊಬ್ಬಳು ರಾಜಧಾನಿಯ ಪದವಿಗೇ ಸೇರಿದಳು. ಅವಳಿಗೆ ಪಾಠ ಹೇಳುವ ಆಸೆ. ಅವಳ ದಾರಿ ಅವಳಿಗೆ.

ಇಷ್ಟಾದರೂ ನಮ್ಮವರು ಒಪ್ಪಿದರು ಅಂದುಕೊಂಡಿರಾ? ವಾಪಸ್ಸು ಬರುವಾಗ ಅಂದರು: "ಜಾಗ ಚೆನ್ನಾಗಿದೆ. ಜನ ಒಳ್ಳೆಯವರು. ಯಾರಾದ್ರೂ ಮಾಡಲೇಬೇಕಾದ ಕೆಲಸ. ಆದ್ರೆ ನನ್ನ ಮಗನೇ ಯಾಕೆ?"

ಅದಕ್ಕೆ ಉತ್ತರ ಪಕ್ಕದ ಮನೆಯಿಂದ ಬಂತು.

ಕಲಿಬೆಕ್ ಮೇಷ್ಟ್ರು ಆಗಲೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಔಷಧಿ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಸ್ವಲ್ಪ ದಪ್ಪ ಆಗಿದ್ದರು, ಮಾತು ನಿಧಾನ ಆಗಿತ್ತು, ಆದರೆ ಕಣ್ಣು ಮೊದಲಿನ ಹಾಗೇ ತಿಳಿಯಾಗಿತ್ತು. ಸೆಪ್ಟೆಂಬರಿಗೆ ಶಾಲೆಗೆ ಮರಳುವವರಿದ್ದರು. ಒಂದು ಮಧ್ಯಾಹ್ನ ಅವರೂ ಜುಮಾಗುಲ್‌ಳೂ ಒಂದು ಚೀಲ ಸೇಬು ಹಿಡಿದು ಬಂದರು. ನಮ್ಮವರು ಅವರಿಗೆ ಮನೆಯ ಗೌರವದ ಜಾಗ ಬಿಟ್ಟುಕೊಟ್ಟರು, ಆದರೆ ಮುಖ ನೋಡಲು ಹಿಂಜರಿದರು.

ಮೇಷ್ಟ್ರೇ ಮಾತು ತೆಗೆದರು. "ಸೊವೆತ್‌ಬೆಕ್, ಆವತ್ತಿನದೆಲ್ಲ ನನಗೆ ನೆನಪಿಲ್ಲ. ಆದ್ರೆ ನಿನ್ನ ಕೈಲಿದ್ದ ಹಗ್ಗ ನೆನಪಿದೆ."

ನಮ್ಮವರ ಕಿವಿ ಕೆಂಪಾಯಿತು.

"ನಿನ್ನ ಮೇಲೆ ಸಿಟ್ಟಿಲ್ಲಪ್ಪ. ಜುಮಾಗುಲ್‌ಗೆ ಏನಾದ್ರೂ ಆಗಿಬಿಡುತ್ತೆ ಅಂತ ನೀನು ಓಡಿ ಬಂದೆ. ನಿನಗೆ ಬೇರೆ ಏನೂ ಗೊತ್ತಿರ್ಲಿಲ್ಲ, ಊರಿಗೇ ಗೊತ್ತಿರ್ಲಿಲ್ಲ. ಆವತ್ತು ನೀವೆಲ್ಲ ನನ್ನನ್ನ ಕಟ್ಟಿ ಹಾಕಿದ್ದಿದ್ರೆ, ಇವತ್ತು ನಾನು ಯಾವ ಮುಖ ಹೊತ್ತು ಮಕ್ಕಳ ಮುಂದೆ ನಿಂತ್ಕೊಳ್ತಿದ್ದೆ? ನಿನ್ನ ಮಗ ಸಕ್ಕರೆನಾ, ಜ್ಯಾಮಾ ಅಂತ ಕೇಳಿದ. ಎಷ್ಟೋ ದಿನದ ಮೇಲೆ ಒಬ್ಬರು ನನ್ನನ್ನ ಮನುಷ್ಯನ ಹಾಗೆ ಮಾತಾಡಿಸಿದ್ದು." ಮೇಷ್ಟ್ರು ಸೇಬೊಂದನ್ನು ಕೈಯಲ್ಲಿ ತಿರುಗಿಸುತ್ತ ಮುಂದುವರಿಸಿದರು. "ಭೂಗೋಳದಲ್ಲಿ ಅವನು ಶುದ್ಧ ದಡ್ಡ. ಸಮುದ್ರ ಯಾವ ಕಡೆ ಅಂದ್ರೆ ಬೆಟ್ಟ ತೋರಿಸ್ತಾನೆ. ಆದ್ರೆ ಈ ಕೆಲಸಕ್ಕೆ ಅವನು ಹುಟ್ಟಿದಾನೆ. ಬಿಟ್ಟುಕೊಡಪ್ಪ."

ಮೊದಲು ನಕ್ಕಿದ್ದು ಅತ್ತೆ. ಕಣ್ಣೊರೆಸಿಕೊಂಡು ನಕ್ಕು, ನಮ್ಮವರ ಕಡೆ ತಿರುಗಿದರು. "ಕೇಳಿಸ್ತೇನೋ? ಹೆಣ್ಣು ನಾನು ಹುಡುಕ್ತೀನಿ. ತಾಳ್ಮೆ ಇರೋ ಗಂಡು ಅಂದ್ರೆ ಯಾವ ಹುಡುಗಿ ಬೇಡ ಅಂತಾಳೆ? ಆ ತಾಳ್ಮೆ ನಿಮ್ಮಪ್ಪನಿಗೆ ಇದ್ದಿದ್ರೆ ನಾನು ಇನ್ನೂ ಹತ್ತು ಮಕ್ಕಳನ್ನ ಹೆರ್ತಿದ್ದೆ!"

ನಮ್ಮವರು ಎದ್ದು ಮೇಷ್ಟ್ರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಅರ್ಸ್ತಾನನ ಕಡೆ ತಿರುಗಿ ಗದರಿದರು: "ಏನೋ ನಿಂತಿದೀಯಾ ಕಂಬದ ಹಾಗೆ? ಅರ್ಜಿ ಹಾಕೋಕೆ ಕೊನೇ ದಿನ ಯಾವಾಗ? ನೋಡಿದೀಯಾ, ಇಲ್ವಾ?"

ಸೆಪ್ಟೆಂಬರಿನಲ್ಲಿ ಅರ್ಸ್ತಾನ್ ಕಾಲೇಜಿಗೆ ಸೇರಿದ. ವಾರದ ಕೊನೆಗೆ ಮನೆಗೆ ಬಂದಾಗ ಅಜ್ಜಿಯ ರಕ್ತದೊತ್ತಡ ನೋಡುತ್ತಾನೆ. ಅತ್ತೆ ಅಕ್ಕಪಕ್ಕದ ಮುದುಕಿಯರನ್ನೆಲ್ಲ ಸಾಲಾಗಿ ಕೂರಿಸಿರುತ್ತಾರೆ. ಔಷಧಿಗಳ ಹೆಸರು ಬಾಯಿಪಾಠ ಮಾಡುವುದು ಅವನಿಗೆ ಇನ್ನೂ ಕಷ್ಟವೇ. ಒಂದು ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಕೂತು ಪಾಸಾದ. ಮೈದಾನದಲ್ಲಿ "ನರ್ಸಮ್ಮ ಬಂದ, ದಾರಿ ಬಿಡ್ರೋ" ಅಂತ ಕೂಗುವವರು ಕೂಗುತ್ತಾರೆ. ಅವನು ಮೇಕೆ ಕಿತ್ತುಕೊಂಡು ಹೋಗುತ್ತ, "ಬಿದ್ರೆ ಪಟ್ಟಿ ನಾನೇ ಕಟ್ತೀನಿ, ಹೆದರ್ಬೇಡಿ" ಅಂತಾನೆ.

ಹೋದ ತಿಂಗಳು ಅಂಗಡಿಯ ತೆಮಿರ್ ನಮ್ಮ ಮನೆಗೆ ಬಂದಿದ್ದ. ಕುದುರೆ ವಿಷಯ ಅಂತ ಬಂದವನು, ಕುದುರೆ ಮಾತು ಮುಗಿದರೂ ಏಳಲಿಲ್ಲ. ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಜ್ಜುತ್ತ ಕೂತಿದ್ದ.

"ಸೊವೆತ್‌ಬೆಕ್ ಅಣ್ಣ... ಮಗು ಹುಟ್ಟಿದಾಗಿಂದ ನಮ್ಮನೇವಳು ಮಾತೇ ಆಡ್ತಿಲ್ಲ. ಮಗೂನ ಎತ್ಕೊಳ್ಳಲ್ಲ, ಗೋಡೆ ನೋಡ್ತಾ ಮಲಗಿರ್ತಾಳೆ. ಯಾರಿಗೂ ಹೇಳಿಲ್ಲ. ನಿನ್ನ ಮಗ ಅದನ್ನೇ ಓದ್ತಿದಾನಲ್ಲ, ಅದಕ್ಕೆ ನಿನ್ನ ಹತ್ತಿರ..."

ನಮ್ಮವರು ಏನು ಹೇಳುತ್ತಾರೋ ಅಂತ ನಾನು ಒಲೆ ಹತ್ತಿರ ಕಿವಿಗೊಟ್ಟು ನಿಂತೆ.

"ಅವನು ಇನ್ನೂ ಕಲೀತಿದಾನೆ ತಮ್ಮ, ಕಲಿತಿರೋರ ಹತ್ತಿರ ಹೋಗೋಣ" ಅಂದರು ನಮ್ಮವರು. "ಇದು ಕಾಯಿಲೆ, ಅವಳ ತಪ್ಪಲ್ಲ. ಬಾಣಂತಿಯರಿಗೆ ಹೀಗಾಗೋದುಂಟು, ವಾಸಿಯೂ ಆಗುತ್ತೆ ಅಂತ ಬುರುಲ್‌ಕನ್ ಹೇಳ್ತಿದ್ಲು. ನಾಳೆ ಅಂತ ಕಾಯೋದು ಬೇಡ. ನೀನು ಮನೆಗೆ ಹೋಗಿ ಅವಳ ಹತ್ತಿರ ಕೂತಿರು, ಒಬ್ಬಳನ್ನೇ ಬಿಡಬೇಡ. ನಾನು ಬುರುಲ್‌ಕನ್‌ಳನ್ನ ಕಾರಲ್ಲೇ ಕರ್ಕೊಂಡು ಬರ್ತೀನಿ." ಬಾಗಿಲ ಹತ್ತಿರ ನಿಂತು ಮತ್ತೆ ಹೇಳಿದರು: "ಈ ಮಾತು ಈ ಮನೆ ದಾಟಿ ಹೋಗಲ್ಲ, ತಿಳೀತಾ?"

ಬಾಣಂತಿಗೆ ಚಿಕಿತ್ಸೆ ಶುರುವಾಗಿದೆ. ಊರಿಗೆ ಇದನ್ನು ಹೇಳಿ, ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ನಾನು ಇಲ್ಲಿ ಹೇಳುತ್ತಿದ್ದೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈ ವರ್ಷ ಶಾಲೆ ಮುಗಿಸುವ ಮಗು ಇರಬಹುದು. ಜನರ ಮಾತನ್ನು ತಾಳ್ಮೆಯಿಂದ ಕೇಳುವ ಮಗು, ಅಳುವವರ ಪಕ್ಕ ಸುಮ್ಮನೆ ಕೂರಬಲ್ಲ ಮಗು. ಹುಡುಗಿಯಾಗಲಿ, ಹುಡುಗನಾಗಲಿ, ಈ ಕೆಲಸಕ್ಕೆ ಇಬ್ಬರೂ ಬೇಕು. ಮನಸ್ಸಿನ ಕಾಯಿಲೆಗೆ ಡಾಕ್ಟರು ಔಷಧಿ ಬರೆದುಕೊಡುತ್ತಾರೆ. ಬೆಳಗಿನಿಂದ ಸಂಜೆವರೆಗೆ ಜೊತೆಗಿರುವವರು ನರ್ಸ್. ಸೇರಿಸುವ ಮುಂಚೆ ಆ ಓದಿಗೆ ಸರ್ಕಾರದ ಮಾನ್ಯತೆ ಇದೆಯಾ ಕೇಳಿ. ರೋಗಿಗಳ ಜೊತೆ ನಿಜವಾದ ಅಭ್ಯಾಸ ಇದೆಯಾ, ಅಲ್ಲಿಂದ ಮುಂದೆ ಓದಲು ದಾರಿ ಇದೆಯಾ, ಅದನ್ನೂ ಕೇಳಿ. ಬೇಗ ಮುಗಿಯುತ್ತೆ ಅನ್ನುವವರ ಮಾತನ್ನು ಒಂದಕ್ಕೆರಡು ಸಲ ವಿಚಾರಿಸಿ. ಆ ಕೆಲಸ ಮಾಡುತ್ತಿರುವ ಒಬ್ಬರನ್ನಾದರೂ ಕಂಡು ಮಾತಾಡಿ. ಮಗು ಕೇಳುವ ಪ್ರಶ್ನೆಗೆ ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ನನಗೂ ಗೊತ್ತಿರಲಿಲ್ಲ. ನಿಮ್ಮೂರ ಆರೋಗ್ಯ ಕೇಂದ್ರದ ಬಾಗಿಲು ನಾಳೆ ಬೆಳಿಗ್ಗೆ ತೆರೆದಿರುತ್ತೆ. ಮಗುವನ್ನೂ ಕರೆದುಕೊಂಡು ಹೋಗಿ.